ಜೀವಕೋಶ, ಕಿಣ್ವ ಮತ್ತು ನನ್ನ ಉದ್ಯೋಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆಯುವ ಮನೆಯ ಮಗಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ದಾವಣಗೆರೆಯಲ್ಲಿ, ಪಿಎಚ್.ಡಿ. ಬೆಂಗಳೂರಿನಲ್ಲಿ, ನಂತರ ನಾಲ್ಕು ವರ್ಷ ಜರ್ಮನಿಯಲ್ಲಿ. ಈಗ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಆರು ಜನರ ಸಣ್ಣ ಲ್ಯಾಬ್ ನಡೆಸುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಿಗೆ ಮಾತನಾಡಲು ಹೋಗುತ್ತೇನೆ. ಸಭಾಂಗಣದಲ್ಲಿ ಯಾರೂ ಕೈ ಎತ್ತುವುದಿಲ್ಲ. ಕಾರ್ಯಕ್ರಮ ಮುಗಿದು ಟೀ ಲೋಟ ಕೈಗೆ ಬಂದ ಮೇಲೆ ಒಬ್ಬೊಬ್ಬರೇ ಹತ್ತಿರ ಬಂದು ಕೇಳುತ್ತಾರೆ. ಆ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಕೆಲವು ನಮ್ಮ ಮನೆಯವರದ್ದೂ ಇವೆ.

ನೀವು ಡಾಕ್ಟರ್ ತಾನೇ? ನಮ್ಮ ತಾಯಿಯ ಮಂಡಿ ನೋವಿಗೆ ಯಾವ ಮಾತ್ರೆ ಒಳ್ಳೆಯದು?

ನನ್ನ ಹೆಸರಿನ ಮುಂದಿರುವ 'ಡಾ.' ಪಿಎಚ್.ಡಿ.ಯಿಂದ ಬಂದದ್ದು. ನಾನು ಕೆಲಸ ಮಾಡುವುದು ಯೀಸ್ಟ್ ಎಂಬ ಒಂದೇ ಕೋಶದ ಶಿಲೀಂಧ್ರದ ಮೇಲೆ. ಅದಕ್ಕೆ ಮಂಡಿಯೇ ಇಲ್ಲ. ತಾಯಿಯವರನ್ನು ಮೂಳೆ ವೈದ್ಯರಿಗೆ ತೋರಿಸಿ. "ಅಷ್ಟು ವರ್ಷ ಓದಿಯೂ ಒಂದು ಇಂಜೆಕ್ಷನ್ ಕೊಡಲು ಬರುವುದಿಲ್ಲವೇ" ಎಂದು ನಮ್ಮ ಸೋದರತ್ತೆ ಇಂದಿಗೂ ಬೇಸರಪಟ್ಟುಕೊಳ್ಳುತ್ತಾರೆ.

ಹಾಗಾದರೆ ನೀವು ಮಾಡುವ ಕೆಲಸವಾದರೂ ಏನು?

ಚಳ್ಳಕೆರೆಯ ಎಣ್ಣೆ ಮಿಲ್ಲು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಶೇಂಗಾ ಒಳಗೆ ಹೋದರೆ ಎಣ್ಣೆ ಡಬ್ಬಿಗೆ, ಹಿಂಡಿ ದನಕ್ಕೆ, ಸಿಪ್ಪೆ ಉರುವಲಿಗೆ. ಎಸೆಯುವಂಥದ್ದು ಏನೂ ಉಳಿಯುವುದಿಲ್ಲ. ಜೀವಕೋಶವೂ ಅಷ್ಟೇ ಜಿಪುಣ. ಮುಪ್ಪಾದ ಪ್ರೋಟೀನು, ಕೆಟ್ಟುಹೋದ ಮೈಟೊಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಕೋಶಾಂಗ) ಇಂಥವನ್ನು ಎರಡು ಪೊರೆಯ ಚೀಲದಲ್ಲಿ ಕಟ್ಟಿ, ಕಿಣ್ವಗಳು, ಅಂದರೆ ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನುಗಳು, ತುಂಬಿರುವ ಲೈಸೊಸೋಮ್ ಎಂಬ ಕೋಶಾಂಗಕ್ಕೆ ಒಯ್ಯುತ್ತದೆ. ಅಲ್ಲಿ ಪ್ರೋಟೀನು ಅಮೈನೊ ಆಮ್ಲಗಳಾಗಿ ಬಿಡಿಬಿಡಿಯಾಗುತ್ತದೆ. ಆ ಅಮೈನೊ ಆಮ್ಲಗಳಿಂದ ಹೊಸ ಪ್ರೋಟೀನು ಕಟ್ಟುತ್ತದೆ. ಈ ಏರ್ಪಾಡಿನ ಹೆಸರು ಆಟೋಫಜಿ. ತನ್ನನ್ನೇ ತಿನ್ನುವುದು ಎಂದು ಗ್ರೀಕ್ ಮೂಲದ ಅರ್ಥ. 1963ರಲ್ಲಿ ಈ ಹೆಸರಿಟ್ಟವರು ಬೆಲ್ಜಿಯಂನ ಕ್ರಿಸ್ಟಿಯಾನ್ ಡಿ ಡೂವ್.

ನನ್ನ ಪಾಲಿಗೆ ಬಂದಿರುವುದು ಇದರ ಒಂದು ಮೂಲೆ. ಕೋಶದೊಳಗೆ ಕೆಟ್ಟ ಮೈಟೊಕಾಂಡ್ರಿಯ ಯಾವುದು, ಇನ್ನೂ ದುಡಿಯಬಲ್ಲದ್ದು ಯಾವುದು ಎಂದು ಆರಿಸುವವರು ಯಾರು? ಮನುಷ್ಯರ ಕೋಶದಲ್ಲಿ ಪಿಂಕ್-1 ಎಂಬ ಪ್ರೋಟೀನು ಕೆಟ್ಟ ಮೈಟೊಕಾಂಡ್ರಿಯದ ಮೇಲೆ ಸೇರಿಕೊಂಡು ಪಾರ್ಕಿನ್ ಎಂಬ ಇನ್ನೊಂದನ್ನು ಕರೆಯುತ್ತದೆ. ಈ ಎರಡರ ಜೀನ್‌ಗಳಲ್ಲಿ ದೋಷವಿದ್ದ ಕೆಲವು ಕುಟುಂಬಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ. ಯೀಸ್ಟಿನಲ್ಲಿ ಪಾರ್ಕಿನ್ ಇಲ್ಲ. ಅಲ್ಲಿ ಗುರುತಿನ ಕೆಲಸ ಎಟಿಜಿ-32 ಎಂಬ ಬೇರೊಂದು ಪ್ರೋಟೀನಿನದು. ಆದ್ದರಿಂದ ಯೀಸ್ಟಿನಲ್ಲಿ ಕಂಡದ್ದನ್ನೆಲ್ಲ ಮನುಷ್ಯರಿಗೆ ಅಂಟಿಸಲಾಗದು. ಎಷ್ಟನ್ನು ಅಂಟಿಸಬಹುದು, ಎಲ್ಲಿ ನಿಲ್ಲಬೇಕು ಎಂಬುದರಲ್ಲೇ ನನ್ನ ಹದಿನೈದು ವರ್ಷ ಕಳೆದಿವೆ.

ಜೀವಕೋಶ ವಿಜ್ಞಾನ ಬೇರೆ, ಜೀವರಸಾಯನ ವಿಜ್ಞಾನ ಬೇರೆ ಅಲ್ಲವೇ? ಎಂ.ಎಸ್ಸಿ.ಗೆ ಯಾವುದನ್ನು ತೆಗೆದುಕೊಳ್ಳಲಿ?

ಪ್ರವೇಶ ಪತ್ರದಲ್ಲಿ ಬೇರೆ. ಒಬ್ಬರು ಕೋಶವನ್ನು ಇಡಿಯಾಗಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಇನ್ನೊಬ್ಬರು ಅದನ್ನು ಅರೆದು ಒಳಗೆ ಏನಿದೆ ಎಂದು ಅಳೆಯುತ್ತಾರೆ. ಆದರೆ ಲೈಸೊಸೋಮ್ ಸಿಕ್ಕಿದ ಬಗೆಯನ್ನು ಕೇಳಿದರೆ ಈ ಗಡಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ ಎನ್ನಿಸುತ್ತದೆ.

1949ರಲ್ಲಿ ಡಿ ಡೂವ್ ಅವರ ಲ್ಯಾಬಿನಲ್ಲಿ ಇಲಿಯ ಯಕೃತ್ತನ್ನು ಅರೆದು ಕಿಣ್ವಗಳನ್ನು ಅಳೆಯುತ್ತಿದ್ದರು. ಅವರ ಗಮನವಿದ್ದದ್ದು ಇನ್ಸುಲಿನ್ ಮೇಲೆ. ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಬರೀ ಹೋಲಿಕೆಗೆಂದು ಅಳೆದರು. ಅದು ಇರಬೇಕಾದ್ದಕ್ಕಿಂತ ತೀರಾ ಕಡಿಮೆ ಬಂತು. ಮಾದರಿಯನ್ನು ಫ್ರಿಜ್‌ನಲ್ಲಿಟ್ಟು ಐದು ದಿನ ಬಿಟ್ಟು ಅಳೆದರೆ, ಎಷ್ಟೋ ಪಟ್ಟು ಹೆಚ್ಚು! ಇಟ್ಟಲ್ಲೇ ಕಿಣ್ವ ಹುಟ್ಟುವುದಿಲ್ಲ. ಅಂದರೆ ಅದು ಯಾವುದೋ ಚೀಲದೊಳಗೆ ಅಡಗಿತ್ತು; ದಿನ ಕಳೆದಂತೆ ಚೀಲ ಹರಿದು ಹೊರಗೆ ಬಂತು. ಕೋಶಾಂಗವೊಂದು ಲೆಕ್ಕದ ಪುಸ್ತಕದಲ್ಲಿ ಮೊದಲು ಸಿಕ್ಕಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಣ್ಣಿಗೆ ಆಮೇಲೆ, 1955ರ ಹೊತ್ತಿಗೆ ಬಿತ್ತು. 1974ರಲ್ಲಿ ಡಿ ಡೂವ್ ಅವರಿಗೆ ನೊಬೆಲ್ ಬಂತು. ಬೇರೆ ಯಾರಾದರೂ ಆಗಿದ್ದರೆ ಮೊದಲ ಅಳತೆಯನ್ನೇ 'ಕೈ ತಪ್ಪಿರಬೇಕು' ಎಂದು ಹೊಡೆದುಹಾಕುತ್ತಿದ್ದರು. ನಾನಾಗಿದ್ದರೂ ಹೊಡೆದುಹಾಕುತ್ತಿದ್ದೆನೇನೋ.

ನಿಮ್ಮ ಪ್ರಶ್ನೆಗೆ ಉತ್ತರ: ರಸಾಯನ ವಿಜ್ಞಾನದ ಭಯವಿಲ್ಲದಿದ್ದರೆ ಜೀವರಸಾಯನ ತೆಗೆದುಕೊಳ್ಳಿ. ಅಲ್ಲಿಂದ ಕೋಶದ ಕಡೆಗೆ ಬರುವುದು ಸುಲಭ. ಕೋಶದ ಕಡೆಯಿಂದ ಜೀವರಸಾಯನಕ್ಕೆ ತಡವಾಗಿ ಹೋಗುವುದು ಕಷ್ಟ.

ಏಕಾದಶಿ ಉಪವಾಸ ಮಾಡಿದರೆ ಆಟೋಫಜಿ ಆಗುತ್ತದೆ, ಇದನ್ನು ಕಂಡುಹಿಡಿದದ್ದಕ್ಕೇ ಜಪಾನಿನವರಿಗೆ ನೊಬೆಲ್ ಬಂತು ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವೇ?

ಈ ಸಂದೇಶ ನನಗೆ ಬಾರದ ತಿಂಗಳಿಲ್ಲ. ನಮ್ಮ ದೊಡ್ಡಪ್ಪನೇ ನಾಲ್ಕು ಬಾರಿ ಕಳುಹಿಸಿದ್ದಾರೆ, ಪ್ರತಿ ಸಲವೂ "ನಿನ್ನ ವಿಷಯ, ನೋಡು" ಎಂಬ ಒಕ್ಕಣೆಯೊಂದಿಗೆ.

2016ರ ನೊಬೆಲ್ ಪಡೆದ ಯೋಶಿನೋರಿ ಓಸುಮಿ ಅವರು ಉಪವಾಸಕ್ಕೆ ಕೂರಿಸಿದ್ದು ಯೀಸ್ಟನ್ನು. 1988ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಅವರು ಟೋಕಿಯೊದಲ್ಲಿ ಸ್ವಂತ ಲ್ಯಾಬ್ ಆರಂಭಿಸಿದರು. ಯೀಸ್ಟಿನಲ್ಲಿ ಲೈಸೊಸೋಮಿನ ಕೆಲಸ ಮಾಡುವುದು ವ್ಯಾಕ್ಯುವೋಲ್. ಆಗ ಅದರ ಬಗ್ಗೆ ತಲೆಕೆಡಿಸಿಕೊಂಡವರು ಕಡಿಮೆ, ಅದೊಂದು ಕಸದ ಗುಂಡಿ ಎಂಬ ಭಾವನೆ ಇತ್ತು. ಪೈಪೋಟಿ ಬೇಡವೆಂದೇ ಅವರು ಅದನ್ನು ಆರಿಸಿಕೊಂಡರು. ವ್ಯಾಕ್ಯುವೋಲಿನ ಅರಗಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ತೆಗೆದುಕೊಂಡು ಸಾರಜನಕವಿಲ್ಲದ ದ್ರಾವಣದಲ್ಲಿ ಹಸಿವಿಗೆ ಬಿಟ್ಟರು. ಬಂದದ್ದು ಅರಗಲಿಲ್ಲವಾದ್ದರಿಂದ ವ್ಯಾಕ್ಯುವೋಲಿನೊಳಗೆ ಸಣ್ಣ ಸಣ್ಣ ಗುಂಡುಗಳು ತುಂಬಿಕೊಂಡು ಕುಣಿದಾಡುವುದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಂಡಿತು. ಆ ಗುಂಡುಗಳು ಕಾಣಿಸದ ದೋಷಪೂರ್ಣ ತಳಿಗಳನ್ನು ಸಾವಿರಾರು ತಳಿಗಳ ನಡುವೆ ಹುಡುಕಿ, 1993ರಲ್ಲಿ ಹದಿನೈದು ಜೀನ್‌ಗಳ ಪಟ್ಟಿ ಕೊಟ್ಟರು. ನೊಬೆಲ್ ಬಂದದ್ದು ಈ ಕೆಲಸಕ್ಕೆ.

ಹಸಿವಾದಾಗ ಕೋಶಗಳಲ್ಲಿ ಆಟೋಫಜಿ ಹೆಚ್ಚುವುದು ನಿಜ. ಆದರೆ ಇಂತಿಷ್ಟು ತಾಸು ಊಟ ಬಿಟ್ಟರೆ ಮನುಷ್ಯರ ಇಂಥ ಅಂಗದಲ್ಲಿ ಇಷ್ಟು ಆಟೋಫಜಿ, ಅದರಿಂದ ಇಂಥ ಕಾಯಿಲೆ ವಾಸಿ ಎಂದು ಓಸುಮಿ ಎಲ್ಲಿಯೂ ತೋರಿಸಿಲ್ಲ. ಏಕಾದಶಿ ಮಾಡುವವರು ಭಕ್ತಿಯಿಂದ ಮಾಡಿ. ಅದಕ್ಕೆ ಸ್ಟಾಕ್‌ಹೋಮ್‌ನ ಮುದ್ರೆ ಬೇಕಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಬಿಡಬೇಡಿ.

ದೋಸೆ ಹಿಟ್ಟಿನಲ್ಲಿರುವುದೂ ಇದೇ ಯೀಸ್ಟೇ?

ದಾವಣಗೆರೆಯಲ್ಲಿ ಈ ಪ್ರಶ್ನೆ ಬರದಿದ್ದರೆ ನನಗೇ ಬೇಸರವಾಗುತ್ತದೆ. ಅಕ್ಕಿ ಮತ್ತು ಉದ್ದಿನ ಹಿಟ್ಟು ಉಬ್ಬಿ ಹುಳಿಯಾಗುವುದರಲ್ಲಿ ಮುಖ್ಯ ಪಾತ್ರ ಲ್ಯುಕೊನಾಸ್ಟಾಕ್ ಮುಂತಾದ ಬ್ಯಾಕ್ಟೀರಿಯಗಳದ್ದು. ಯೀಸ್ಟೂ ಸ್ವಲ್ಪ ಇರಬಹುದು. ನಾನು ಬಳಸುವುದು ಬ್ರೆಡ್ ಉಬ್ಬಿಸುವ ಯೀಸ್ಟು. ಸುಮಾರು ಒಂದೂವರೆ ಗಂಟೆಗೆ ದುಪ್ಪಟ್ಟಾಗುತ್ತದೆ, ಜೀನ್‌ಗಳು ಆರು ಸಾವಿರದ ಆಸುಪಾಸು, ಇಡೀ ಜೀನೋಮು 1996ರಲ್ಲೇ ಓದಿ ಮುಗಿದಿದೆ. ನಮ್ಮ ಶಾಸ್ತ್ರಕ್ಕೂ ಅದಕ್ಕೂ ಹಳೆಯ ಋಣವಿದೆ: 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಅರೆದು, ಹಿಂಡಿ, ಜೀವವಿಲ್ಲದ ಆ ರಸವೂ ಸಕ್ಕರೆಯನ್ನು ಮದ್ಯವಾಗಿಸುತ್ತದೆ ಎಂದು ತೋರಿಸಿದರು. ಜೀವವಿದ್ದರೆ ಮಾತ್ರ ಹುದುಗುವಿಕೆ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು.

ನಿಮ್ಮ ಒಂದು ದಿನ ಹೇಗಿರುತ್ತದೆ?

ಸಿನಿಮಾದಲ್ಲಿ ತೋರಿಸುವಂತೆ ಬಣ್ಣದ ನೀರು ಕುದಿಯುವುದಿಲ್ಲ. ದ್ರವವೆಲ್ಲ ನೀರಿನಂತೆಯೇ ಕಾಣುತ್ತದೆ, ಅದೇ ತೊಂದರೆ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಬೆಳಿಗ್ಗೆ ಬಂದು ಹಿಂದಿನ ರಾತ್ರಿ ಬೆಳೆಸಲು ಇಟ್ಟ ಯೀಸ್ಟು ಎಷ್ಟು ದಟ್ಟವಾಗಿದೆ ಎಂದು ಅಳೆಯುವುದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುವುದು, ಒಡೆಯುವುದು, ಪ್ರೋಟೀನುಗಳನ್ನು ಜೆಲ್ ಮೇಲೆ ಓಡಿಸುವುದು, ಅಲ್ಲಿಂದ ಪೊರೆಗೆ ವರ್ಗಾಯಿಸಿ, ಹುಡುಕುತ್ತಿರುವ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯ ಹಾಕಿ ರಾತ್ರಿಯಿಡೀ ಬಿಡುವುದು, ಮಾರನೆಯ ದಿನ ಒಂದು ಕಪ್ಪು ಗೆರೆ ಬಂತೇ ಇಲ್ಲವೇ ನೋಡುವುದು. ಎರಡು ದಿನದ ದುಡಿಮೆ, ಒಂದು ಗೆರೆ. ಈಗ ಲ್ಯಾಬಿನ ಮುಖ್ಯಸ್ಥೆಯಾಗಿ ಪಿಪೆಟ್ ಹಿಡಿಯುವುದು ಕಡಿಮೆಯಾಗಿದೆ. ಅನುದಾನದ ಅರ್ಜಿ, ಖರೀದಿಯ ಕಡತ, ವಿದ್ಯಾರ್ಥಿಗಳ ಪ್ರಬಂಧ ತಿದ್ದುವುದು. ಹಿಂದಿನದೇ ಚೆನ್ನಾಗಿತ್ತು.

ಎಷ್ಟು ಪ್ರಯೋಗಗಳು ಕೆಡುತ್ತವೆ?

ಹೆಚ್ಚಿನವು. ನಾನು ಸಂಖ್ಯೆ ಇಟ್ಟಿಲ್ಲ, ಇಟ್ಟಿದ್ದರೆ ಮುಂದುವರಿಯುತ್ತಿರಲಿಲ್ಲ. ಬಫರಿನ ಆಮ್ಲೀಯತೆ ತಪ್ಪುತ್ತದೆ, ಪ್ರತಿಕಾಯ ಹಳೆಯದಾಗುತ್ತದೆ, ಬೂಷ್ಟು ಬರುತ್ತದೆ, ಅಥವಾ ಎಲ್ಲವೂ ಸರಿಯಿದ್ದು ಊಹೆಯೇ ತಪ್ಪಾಗಿರುತ್ತದೆ. ಕೊನೆಯದು ಮಾತ್ರ ಉಪಯೋಗದ ಸೋಲು.

ಪಿಎಚ್.ಡಿ.ಯ ಮೂರನೆಯ ವರ್ಷದ ಕಥೆಯೊಂದನ್ನು ಹೇಳಲೇಬೇಕು. ಒಂದು ಜೀನು ತೆಗೆದುಹಾಕಿದ ಯೀಸ್ಟ್ ತಳಿಯಲ್ಲಿ ಮೈಟೊಕಾಂಡ್ರಿಯದ ವಿಲೇವಾರಿ ಏನೂ ಕುಂಠಿತವಾಗಿಲ್ಲ ಎಂದು ಆರು ತಿಂಗಳು ಅಳೆದೆ. ಎಲ್ಲರ ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶ! ಡಿ ಡೂವ್ ಅವರ ಫ್ರಿಜ್ ಕಥೆ ತಲೆಯಲ್ಲಿತ್ತು. ನನಗೂ ಅಂಥದ್ದೇ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದೆ. ಲೇಖನದ ಕರಡೂ ಸಿದ್ಧವಾಯಿತು. ಕೊನೆಗೆ ಕಿರಿಯ ವಿದ್ಯಾರ್ಥಿಯೊಬ್ಬಳು "ಅಕ್ಕಾ, ತಳಿಯನ್ನು ಪಿಸಿಆರ್‌ನಲ್ಲಿ ಪರೀಕ್ಷಿಸಿದ್ದೀರಾ?" ಎಂದು ಕೇಳಿದಳು. ಜೀನು ಇದೆಯೇ ಎಂದು ತೋರಿಸುವ ಆ ಪರೀಕ್ಷೆ ಮಾಡಿದರೆ ಜೀನು ಅಲ್ಲೇ ಇತ್ತು, ಗಟ್ಟಿಮುಟ್ಟಾಗಿ. ಎರಡು ತಟ್ಟೆಗಳ ಚೀಟಿಯನ್ನು ನಾನೇ ಅದಲು ಬದಲು ಮಾಡಿ, ಸಹಜ ತಳಿಯನ್ನು −80 ಡಿಗ್ರಿಯ ಫ್ರೀಜರ್‌ನಲ್ಲಿ ದೋಷದ ತಳಿಯೆಂದು ಇಟ್ಟಿದ್ದೆ. ಯಂತ್ರದ ತಪ್ಪಿಲ್ಲ, ಗೈಡ್ ತಪ್ಪಿಲ್ಲ. ಆ ವಾರ ಊರಿಗೆ ಹೋಗಿ ಅಪ್ಪನೊಂದಿಗೆ ಶೇಂಗಾ ಬಿಡಿಸುತ್ತ ಕುಳಿತಿದ್ದೆ. "ಮಳೆ ಕೈಕೊಟ್ಟ ವರ್ಷವೂ ಇಷ್ಟೇ ಹೋಗುತ್ತದಮ್ಮ" ಎಂದರು. ಅವರ ಬೆಳೆ ಹೋದದ್ದು ಮಳೆಯಿಂದ, ನನ್ನದು ನನ್ನ ಕೈಯಿಂದ ಎಂದು ಹೇಳಲು ಬಾಯಿ ಬರಲಿಲ್ಲ.

ಹಿಂದಿರುಗಿ ಲ್ಯಾಬಿನ ಸಭೆಯಲ್ಲಿ ಎಲ್ಲರೆದುರು ಒಪ್ಪಿಕೊಂಡೆ. ಇದು ನನ್ನೊಬ್ಬಳ ಪಾಡಲ್ಲ ಎಂಬುದು ಆಮೇಲೆ ತಿಳಿಯಿತು. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗೆಡ್ಡೆಯಿಂದ, ಅವರನ್ನು ಕೇಳದೆಯೇ ಬೆಳೆಸಿದ ಹೀಲಾ ಕೋಶಗಳು ಎಷ್ಟು ಹುಲುಸಾಗಿ ಬೆಳೆದು ಬೇರೆ ತಳಿಗಳೊಳಗೆ ನುಸುಳಿದವೆಂದರೆ, ಬೇರೆ ಬೇರೆ ಅಂಗಾಂಶದ್ದೆಂದು ಲ್ಯಾಬುಗಳು ನಂಬಿದ್ದ ಹಲವು ಕೋಶತಳಿಗಳು ನಿಜವಾಗಿ ಹೀಲಾ ಎಂದು 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ತೋರಿಸಿದರು. ಕೇಳಿದ ಅನೇಕರಿಗೆ ಸಿಟ್ಟು ಬಂತು. ಈಗ ನನ್ನ ಲ್ಯಾಬಿನಲ್ಲಿ ತಳಿಯ ಪರೀಕ್ಷೆಯಾಗದೆ ಯಾರೂ ಒಂದು ಗೆರೆಯನ್ನೂ ನನಗೆ ತೋರಿಸುವಂತಿಲ್ಲ.

ದಾವಣಗೆರೆ, ಚಿತ್ರದುರ್ಗದಲ್ಲಿ ಓದಿದವರಿಗೆ ಇದು ಸಾಧ್ಯವೇ? ನಮ್ಮ ಕಾಲೇಜಿನಲ್ಲಿ ಉಪಕರಣಗಳೇ ಇಲ್ಲ.

ನಾನೇ ಸಾಕ್ಷಿ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನ ವಿಭಾಗವಿದೆ. ವಿಶ್ವವಿದ್ಯಾನಿಲಯ ಸ್ವತಂತ್ರವಾದದ್ದು 2009ರಲ್ಲಿ. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳೂ ಅದಕ್ಕೇ ಸೇರಿವೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ ಶಾಲಾ ಕಾಲೇಜುಗಳ ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತದೆ. ನಿಮ್ಮ ಅಧ್ಯಾಪಕರು ಇನ್ನೂ ಹೋಗಿಲ್ಲವಾದರೆ ಮೆಲ್ಲಗೆ ನೆನಪಿಸಿ.

ಉಪಕರಣದ ಮಾತಿಗೆ ಬರೋಣ. ನಿಮ್ಮ ಪ್ರಾಯೋಗಿಕ ತರಗತಿಯಲ್ಲಿ ರಂಜಕ ಅಳೆಯುವ ಫಿಸ್ಕೆ–ಸುಬ್ಬರಾವ್ ವಿಧಾನವಿದೆಯಲ್ಲ, ನೀಲಿ ಬಣ್ಣ ಬರುತ್ತದಲ್ಲ, ಅದು 1925ರದ್ದು. ಅದರ ಸುಬ್ಬರಾವ್ ಎಂದರೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಬಾಸ್ಟನ್‌ನಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ಹಾರ್ವರ್ಡ್‌ನಲ್ಲಿ ಸಂಶೋಧನೆ ನಡೆಸಿದವರು. ರಂಜಕ ಅಳೆಯುವ ಇದೇ ಕಸುಬಿನಿಂದ ಸ್ನಾಯುವಿನಲ್ಲಿ ಫಾಸ್ಫೊಕ್ರಿಯಾಟಿನ್ ಮತ್ತು ಎಟಿಪಿ ಎಂಬ ಶಕ್ತಿ ಕೊಡುವ ಅಣುಗಳಿರುವುದನ್ನು ಕಂಡವರಲ್ಲಿ ಅವರೊಬ್ಬರು. ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ವಿಧಾನದಿಂದಲೇ ಕೋಶದ ಶಕ್ತಿಯ ನಾಣ್ಯವೆನಿಸಿದ ಎಟಿಪಿ ಸಿಕ್ಕಿತು. ಬಣ್ಣದ ಗಾಢತೆ ಅಳೆಯುವ ಕಲರಿಮೀಟರ್ ಒಂದಿದ್ದರೆ, ಅದು ಕೆಟ್ಟಿಲ್ಲದಿದ್ದರೆ, ಕಲಿಯಲು ಬೇಕಾದಷ್ಟಿದೆ.

ಇಲ್ಲಿ ಸಿಗದ್ದನ್ನು ರಜೆಯಲ್ಲಿ ಹೋಗಿ ಕಲಿಯಿರಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ವಿದ್ಯಾರ್ಥಿಗಳು ಎರಡು ತಿಂಗಳು ದೊಡ್ಡ ಲ್ಯಾಬ್ ಒಂದರಲ್ಲಿ ಕೆಲಸ ಮಾಡಬಹುದು. ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕು. ನಮ್ಮ ಭಾಗದ ಮಕ್ಕಳು ತಪ್ಪಿಸಿಕೊಳ್ಳುವುದು ಇಲ್ಲೇ, ಮಾರ್ಚ್‌ನಲ್ಲಿ ಫೋನ್ ಮಾಡುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಕಷ್ಟವಾಗುವುದಿಲ್ಲವೇ?

ಆಗುತ್ತದೆ. ಮೊದಲ ವರ್ಷ ಬಿ.ಎಸ್ಸಿ.ಯಲ್ಲಿ ನಾನು ಅರ್ಧ ಪಾಠವನ್ನು ಮುಖಭಾವ ನೋಡಿ ಅರ್ಥ ಮಾಡಿಕೊಂಡೆ. ಒಂದು ನೋಟ್ ಪುಸ್ತಕದಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದಲ್ಲಿ ಎರಡು ಸಾಲಿನ ವಿವರಣೆ ಬರೆದುಕೊಂಡೆ. ವಿವರಣೆ ಬರೆಯಲು ಬರದಿದ್ದರೆ ಪದ ನನಗೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಇಂಗ್ಲಿಷ್ ಮಾಧ್ಯಮದ ಗೆಳತಿಯರಿಗೆ ಈ ಅನುಕೂಲ ಇರಲಿಲ್ಲ. ಪದ ಬಾಯಿಗೆ ಬಂದರೆ ಅರ್ಥವೂ ಬಂತೆಂದು ಅವರು ನಂಬಿಬಿಡುತ್ತಿದ್ದರು.

ನೆಟ್ ಪರೀಕ್ಷೆಗೆ ಹೇಗೆ ತಯಾರಾಗಬೇಕು?

ನೆಟ್ ಎಂದರೆ ಸಂಶೋಧನಾ ಶಿಷ್ಯವೇತನಕ್ಕೂ ಅಧ್ಯಾಪನಕ್ಕೂ ಅರ್ಹತೆ ಕೊಡುವ ರಾಷ್ಟ್ರೀಯ ಪರೀಕ್ಷೆ. ನಾನು ಎರಡನೆಯ ಪ್ರಯತ್ನದಲ್ಲಿ ಪಾಸಾದೆ. ಸಿಎಸ್‌ಐಆರ್ ನೆಟ್‌ನ ಜೀವ ವಿಜ್ಞಾನ ಪತ್ರಿಕೆ 200 ಅಂಕಗಳದ್ದು. ಎ ಭಾಗ ಸಾಮಾನ್ಯ ಲೆಕ್ಕ, ತರ್ಕ: 30 ಅಂಕ. ಬಿ ಭಾಗ 70. ಸಿ ಭಾಗದಲ್ಲಿ 75 ಪ್ರಶ್ನೆ ಕೊಟ್ಟು 25ನ್ನು ಬಿಡಿಸಲು ಹೇಳುತ್ತಾರೆ, ಒಂದೊಂದಕ್ಕೆ ನಾಲ್ಕು ಅಂಕ. ತಪ್ಪಿಗೆ ಅಂಕ ಕಳೆಯುತ್ತಾರೆ. ಮೊದಲ ಸಲ ಎಲ್ಲ ಅಧ್ಯಾಯವನ್ನೂ ಮುಟ್ಟಲು ಹೋಗಿ ಸೋತೆ. ಎರಡನೆಯ ಸಲ ಜೀವರಸಾಯನ, ಕೋಶ, ಅಣುಜೀವ ವಿಜ್ಞಾನ, ತಂತ್ರಗಳು ಇಷ್ಟನ್ನೇ ಗಟ್ಟಿ ಮಾಡಿಕೊಂಡೆ. ಕೋಚಿಂಗ್ ಬೇಕೇ ಬೇಕು ಎನ್ನುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ಬೇಕೇ ಬೇಕು.

ಎಷ್ಟು ವರ್ಷ ಓದಬೇಕು? ಎಷ್ಟು ಸಂಬಳ? (ಇದು ಅಪ್ಪಂದಿರ ಪ್ರಶ್ನೆ)

ಎಂ.ಎಸ್ಸಿ. ನಂತರ ಪಿಎಚ್.ಡಿ.ಗೆ ಐದಾರು ವರ್ಷ. ನೆಟ್ ಮೂಲಕ ಸಿಗುವ ಸಂಶೋಧನಾ ಶಿಷ್ಯವೇತನ (ಜೆಆರ್‌ಎಫ್) ದೊರೆತರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ, ಮನೆಬಾಡಿಗೆ ಭತ್ಯೆ ಬೇರೆ. ಕೆಲವೆಡೆ ಹಣ ತಿಂಗಳುಗಟ್ಟಲೆ ತಡವಾಗುವುದೂ ಉಂಟು, ಕೈಯಲ್ಲಿ ಸ್ವಲ್ಪ ಇಟ್ಟುಕೊಂಡಿರಬೇಕು. ಆಮೇಲೆ ಮೂರರಿಂದ ಐದು ವರ್ಷ ಇನ್ನೊಬ್ಬರ ಲ್ಯಾಬಿನಲ್ಲಿ ಸಂಶೋಧನೆ, ಅಂದರೆ ಪೋಸ್ಟ್‌ಡಾಕ್. ನಾನು ಸ್ವಂತ ಲ್ಯಾಬ್ ಆರಂಭಿಸಿದಾಗ ನನಗೆ 36. ನನ್ನ ಜೊತೆ ಪಿಯುಸಿ ಓದಿ ಎಂಜಿನಿಯರಿಂಗ್‌ಗೆ ಹೋದವರು ಅಷ್ಟರಲ್ಲಿ ಎರಡನೆಯ ಮನೆಗೆ ಪಾಯ ಹಾಕಿದ್ದರು.

ಪಿಎಚ್.ಡಿ. ಮಾಡಿದವರೆಲ್ಲ ಲ್ಯಾಬ್ ಮುಖ್ಯಸ್ಥರಾಗುವುದಿಲ್ಲ, ಅಷ್ಟು ಹುದ್ದೆಗಳೇ ಇಲ್ಲ. ಔಷಧ ಕಂಪನಿ, ರೋಗಪರೀಕ್ಷೆಯ ಕಂಪನಿ, ಪೇಟೆಂಟ್ ಕೆಲಸ, ಕಾಲೇಜು ಅಧ್ಯಾಪನ ಹೀಗೆ ಹಂಚಿಹೋಗುತ್ತಾರೆ. ಅದನ್ನು ಸೋಲು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮಾತು ಕೇಳಬೇಡಿ.

ಮಗಳನ್ನು ಅಷ್ಟು ವರ್ಷ ಓದಿಸಿದರೆ ಮದುವೆ?

ಅಮ್ಮಂದಿರು ಇದನ್ನು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ. ನಾನು ಮದುವೆಯಾದದ್ದು ಪಿಎಚ್.ಡಿ. ನಡುವೆ, ಮಗು ಹುಟ್ಟಿದ್ದು ಜರ್ಮನಿಯಲ್ಲಿ. ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ನಮ್ಮ ಅತ್ತೆಯವರು ಆರು ತಿಂಗಳು ಬಂದು ಇರದಿದ್ದರೆ ಕೆಲಸ ಬಿಡುತ್ತಿದ್ದೆ. ನಡುವೆ ಬಿಡುವು ತೆಗೆದುಕೊಂಡ ಮಹಿಳೆಯರು ಮರಳಿ ಬರಲು ಕೇಂದ್ರ ಸರ್ಕಾರದ ವೈಸ್-ಕಿರಣ್ ಯೋಜನೆಯಂಥವು ಇವೆ.

ಒಂದು ವಿಷಯ ನೆನಪಿಸುತ್ತೇನೆ. 1933ರಲ್ಲಿ ಕಮಲಾ ಸೊಹೊನಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಬೇಡವೆಂದರು. ಕಮಲಾ ಪಟ್ಟು ಬಿಡದ ಮೇಲೆ ಷರತ್ತುಗಳೊಂದಿಗೆ ಸೇರಿಸಿಕೊಂಡರು. ಆಕೆ ಮುಂದೆ ಕೇಂಬ್ರಿಜ್‌ಗೆ ಹೋಗಿ, ಸಸ್ಯಗಳ ಕೋಶದಲ್ಲೂ ಉಸಿರಾಟಕ್ಕೆ ನೆರವಾಗುವ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಇದೆ ಎಂದು ತೋರಿಸಿ, 1939ರಲ್ಲಿ ಪಿಎಚ್.ಡಿ. ಪಡೆದರು. ರಾಮನ್ ದೊಡ್ಡವರು, ಆ ವಿಷಯದಲ್ಲಿ ತಪ್ಪಿದರು. ಎರಡನ್ನೂ ಒಟ್ಟಿಗೇ ಹೇಳಬಹುದು.

ಗೈಡನ್ನು ಆರಿಸಿಕೊಳ್ಳುವುದು ಹೇಗೆ?

ಅವರ ಲೇಖನಗಳ ಸಂಖ್ಯೆ ನೋಡುವ ಮುಂಚೆ ಅವರ ಹಳೆಯ ವಿದ್ಯಾರ್ಥಿಗಳೊಂದಿಗೆ ಮಾತನಾಡಿ. ಅವರು ಹೊಗಳುವ ಮುಂಚೆ ಒಂದು ಕ್ಷಣ ಸುಮ್ಮನಾದರೆ ಅದನ್ನೂ ಉತ್ತರವೆಂದೇ ತಿಳಿಯಿರಿ.

ಪ್ರಾಣಿಗಳನ್ನು ಕೊಲ್ಲುತ್ತೀರಾ?

ನಾನು ಇಲ್ಲ. ಇಲಿಗಳ ಮೇಲೆ ಕೆಲಸ ಮಾಡುವ ಲ್ಯಾಬುಗಳಿಗೆ ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಬೇಕು.

ನಮ್ಮ ವಿದ್ಯಾರ್ಥಿಗಳನ್ನು ನಿಮ್ಮ ಲ್ಯಾಬಿಗೆ ಕರೆತರಬಹುದೇ?

ಖಂಡಿತ. ಹದಿನೈದು ಜನರಿಗಿಂತ ಹೆಚ್ಚು ಬೇಡ, ನಿಲ್ಲಲು ಜಾಗವಿಲ್ಲ. ಬೆಳಿಗ್ಗೆಯೇ ಹೊರಟರೆ ಮಧ್ಯಾಹ್ನಕ್ಕೆ ತಲುಪುತ್ತೀರಿ. ಹಸಿದ ಯೀಸ್ಟಿನ ವ್ಯಾಕ್ಯುವೋಲಿನಲ್ಲಿ ಗುಂಡುಗಳು ಕುಣಿಯುವುದನ್ನು ಒಬ್ಬೊಬ್ಬರಿಗೂ ತೋರಿಸುತ್ತೇನೆ. ಅದಕ್ಕೆ ನಾಲ್ಕು ಗಂಟೆ ಮೊದಲೇ ಯೀಸ್ಟಿನ ಊಟ ನಿಲ್ಲಿಸಬೇಕು, ಆದ್ದರಿಂದ ಬರುವ ಹೊತ್ತನ್ನು ಸರಿಯಾಗಿ ತಿಳಿಸಿ. ಮಂಡಕ್ಕಿ, ಮೆಣಸಿನಕಾಯಿ ತಂದರೆ ಸಂತೋಷ. ಲ್ಯಾಬಿನೊಳಗೆ ತಿನ್ನುವಂತಿಲ್ಲ, ಹೊರಗೆ ಹೊಂಗೆ ಮರದ ಕೆಳಗೆ ಕಟ್ಟೆ ಇದೆ.